ಮೋಡದ ಮರೆಯ ಹನ್ನೊಂದು ದಿನ

ಧ್ರುವದ ಹಿಮಹಾಸು ಕರಗಿದ ದಿನಗಳ ದಾಖಲೆಯಿಂದ ಹನ್ನೊಂದು ದಿನ ಕಾಣೆಯಾಗಿದ್ದವು. ದಾಖಲೆ ನೋಡಿಕೊಳ್ಳುತ್ತಿದ್ದ ಸಂಶೋಧಕಿಯ ಮುಂದೆ ನಿರ್ದೇಶಕರು ತಪ್ಪೊಪ್ಪಿಗೆ ಪತ್ರ ಚಾಚಿದರು. ಸಹಿ ಹಾಕಿದರೆ ವರ್ಗ, ಹಾಕದಿದ್ದರೆ ಸಂಜೆಯೊಳಗೆ ಮನೆಗೆ.

“ಮಾಡದ ತಪ್ಪಿಗೆ ಸಹಿ ಹಾಕಲ್ಲ ಸಾರ್,” ಎಂದವಳೇ ಅವಳು ನೆಟ್ಟಗೆ ಗ್ರಂಥಾಲಯಕ್ಕೆ ನಡೆದಳು.

ಅಲ್ಲಿನ ಗ್ರಂಥಪಾಲಕಿಗೆ ಕಚೇರಿಯವರು ಇಟ್ಟಿದ್ದ ಹೆಸರು ಭೂತಗನ್ನಡಿ. ಕಳೆದ ಕಡತವಿರಲಿ, ಕದ್ದ ಊಟದ ಡಬ್ಬಿಯಿರಲಿ, ಪತ್ತೆಗೆ ಆಕೆಯೇ ಬೇಕು. ಆಕೆ ಮೊದಲು ನಿರ್ದೇಶಕರಂತೆಯೇ ಗಂಟಲು ಕೆರೆದು, “ಶಿಸ್ತು ಮುಖ್ಯ, ಗೊತ್ತಾಯ್ತೇನಮ್ಮಾ?” ಎಂದು ಹುಡುಗಿಯನ್ನು ನಗಿಸಿದಳು. ಆಮೇಲೆ ವಿಚಾರಿಸಿದಳು. ದಾಖಲೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಮೂವರಿಗೆ: ಈ ಹುಡುಗಿಗೆ, ಕಂಪ್ಯೂಟರ್ ಇಂಜಿನಿಯರಿಗೆ, ಉಪನಿರ್ದೇಶಕರಿಗೆ. ಉಪನಿರ್ದೇಶಕರು ಇಪ್ಪತ್ತು ವರ್ಷ ಉಪಗ್ರಹದ ಫೋಟೊ ವಿಭಾಗದಲ್ಲಿದ್ದು ಹೋದ ವರ್ಷವಷ್ಟೇ ಇಲ್ಲಿಗೆ ಬಂದವರು. ಬಂದವರೇ, ಆ ಹಿಮ ಜಪ್ಪಯ್ಯ ಅಂದರೂ ಹಿಂದಿಗಿಂತ ಹೆಚ್ಚು ಕರಗುವುದಿಲ್ಲವೆಂದು ತುಂಬಿದ ಸಭೆಯಲ್ಲಿ ಎದೆ ತಟ್ಟಿ ಹೇಳಿದ್ದರು.

ಭೂತಗನ್ನಡಿ ಹವಾಮಾನದ ಪಟ್ಟಿ ತೆಗೆದು ನೋಡಿದಳು. ಕಾಣೆಯಾದ ಹನ್ನೊಂದು ದಿನವೂ ಧ್ರುವದಲ್ಲಿ ದಟ್ಟ ಮೋಡ. ಅದನ್ನು ಯಾರಿಗೂ ಹೇಳಬೇಡವೆಂದು ಹುಡುಗಿಗೆ ತಾಕೀತು ಮಾಡಿದಳು.

ಮಧ್ಯಾಹ್ನ ಎಲ್ಲರೂ ಸಭಾಕೊಠಡಿಯಲ್ಲಿ ಸೇರಿದರು. ಆ ದಿನಗಳು ಯಾಕೆ ಹೋಗಿರಬಹುದೆಂದು ಭೂತಗನ್ನಡಿ ಒಬ್ಬೊಬ್ಬರನ್ನೇ ಕೇಳಿದಳು. ಉಪಕರಣ ಕೆಟ್ಟಿತ್ತೋ ನೋಡಬೇಕು ಎಂದ ಇಂಜಿನಿಯರ್. ಉಪನಿರ್ದೇಶಕರು ಕುರ್ಚಿಗೆ ಒರಗಿ, “ಅಷ್ಟೂ ದಿನ ಮೋಡ ಕವಿದಿತ್ತಲ್ಲ, ಲೆಕ್ಕಕ್ಕೆ ತಗೊಂಡಿರಲಿಕ್ಕಿಲ್ಲ,” ಎಂದರು.

“ಮೋಡದ ಸುದ್ದಿ ಇಲ್ಲಿ ಯಾರೂ ಎತ್ತಿಲ್ವಲ್ಲ ಸಾರ್,” ಎಂದಳು ಭೂತಗನ್ನಡಿ. “ಮೋಡ ಬಂದ್ರೆ ಫೋಟೊದಲ್ಲಿ ನೆಲ ಕಾಣಲ್ಲ, ಆ ದಿನ ಬಿಟ್ರೂ ಯಾರೂ ಕೇಳಲ್ಲ. ಆದ್ರೆ ಇಲ್ಲಿ ಹಿಮ ನೋಡೋದು ಫೋಟೊದಲ್ಲಲ್ಲ, ಉಪಗ್ರಹ ಹಿಡಿಯೋ ಮೈಕ್ರೋವೇವ್ ತರಂಗದಲ್ಲಿ. ಅದು ಮೋಡ ದಾಟಿ ಬರುತ್ತೆ, ಹಿಮ ಚೂರು ಒದ್ದೆಯಾದ್ರೂ ಸಂಕೇತ ಜಿಗಿಯುತ್ತೆ. ಇದು ಈ ಹುಡುಗಿಗೂ ಇಂಜಿನಿಯರಿಗೂ ಬಾಯಿಪಾಠ. ಮೋಡದ ದಿನಗಳನ್ನೇ ಆರಿಸಿ ಅಳಿಸಿದ್ದು ಫೋಟೊ ನೋಡಿ ಪಳಗಿದ ಕೈ. ಹಿಮ ಹೆಚ್ಚು ಕರಗಿದ್ರೆ ಸಭೆಯಲ್ಲಿ ಕೊಟ್ಟ ಮಾತೂ ಕರಗುತ್ತಲ್ಲ.”

ಉಪನಿರ್ದೇಶಕರು ಟೈ ಸಡಿಲಿಸಿಕೊಂಡರು. ನಿರ್ದೇಶಕರು ಬಾಗಿಲ ಕಡೆ ನೋಡಿ, ಆದದ್ದಾಯಿತು, ಯಂತ್ರದೋಷವೆಂದು ಬರೆದು ಮುಗಿಸೋಣ ಎಂದು ಗೊಣಗಿದರು.

ಸಂಶೋಧಕಿ ಎದ್ದು ನಿಂತಳು. “ಮೂಲ ಸಂಕೇತದಿಂದ ಹನ್ನೊಂದು ದಿನಾನೂ ವಾಪಸ್ ಹಾಕಿದೀನಿ ಸಾರ್. ಅಳಿಸಿದ್ದು ಯಾರು ಅಂತಾನೂ ವರದಿಯಲ್ಲಿ ಬರೀತೀನಿ. ಆ ಸಾಲು ತೆಗೀಬೇಕು ಅಂದ್ರೆ ಮೊದಲು ನನ್ನನ್ನ ತೆಗೀರಿ.”

ಯಾರೂ ತೆಗೆಯಲಿಲ್ಲ. ಸಂಜೆ ಐದಕ್ಕೆ ವರದಿ ಹೊರಟಿತು, ಆ ಸಾಲಿನ ಸಮೇತ.