ಎಕ್ಸ್‌ಪಿ ಅಳಿಸಲು ಹೊರಟ ಮಧ್ಯಾಹ್ನ

ನಾನು ಕಂಡದ್ದರ ಬಗ್ಗೆ ನನಗೇ ಅನುಮಾನ. ಆದರೆ ಪಕ್ಕದಲ್ಲಿದ್ದ ಸಾಗರ್ ಕೂಡ ಅದನ್ನು ಕಂಡ. ಸರಗೂರಿನ ನಮ್ಮ ಎಂಬ್ರಾಯ್ಡರಿ ಅಂಗಡಿಯಲ್ಲಿ, ತೀರಿಹೋದ ಅಮ್ಮ ಮಾಡಿದ ಡಿಸೈನುಗಳೆಲ್ಲ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿದ್ದವು. ಹೊಸದರಲ್ಲಿ ಅವು ತೆರೆಯುತ್ತಿರಲಿಲ್ಲ.

“ಇನ್ನೆಷ್ಟ್ ದಿಸ ಈ ಮುದುಕೀನ ಸಾಕ್ತೀಯಕ್ಕ? ಎಕ್ಸ್‌ಪಿ ಅಳಿಸಿ ಹೊಸ ವಿಂಡೋಸ್ ಹಾಕ್‌ಬುಡ್ತೀನಿ,” ಅಂದ ರಿಪೇರಿಗೆ ಬಂದಿದ್ದ ಸಾಗರ್.

“ಅಮ್ಮನ ಕೆಲಸ ಎಲ್ಲಾ ಹೋಯ್ತದೆ ಕಣೋ.”

“ಅಂಗಂತ ಕುಂತ್ರೆ ಅಂಗ್ಡಿ ನಡಿಯಕಿಲ್ಲ ಕಣಕ್ಕ.”

ಒಲ್ಲದ ಮನಸ್ಸಿನಿಂದ ಹೂಂ ಅಂದೆ. ಅವನು ಮೌಸಿಗೆ ಕೈ ಹಾಕುತ್ತಿದ್ದಂತೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಎಂಬ್ರಾಯ್ಡರಿ ಮೆಷಿನ್ನು ಮಾತ್ರ ಟಕಟಕ ಹೊಲಿಯತೊಡಗಿತು. ಸಾಗರ್ ಮೌಸು ಬಿಟ್ಟು ಹಿಂದೆ ಸರಿದ. ಮೆಷಿನ್ನು ನಿಂತ ಮೇಲೆ ಬಟ್ಟೆ ಮುಟ್ಟಿದೆ. ಬಾವಿಯಿಂದ ಆಗತಾನೆ ತೆಗೆದಷ್ಟು ತಣ್ಣಗಿತ್ತು. ಅದರ ಮೇಲೆ ಅಮ್ಮ ಡಿಸೈನ್ ಮಾಡಿದ್ದ ನೀಲಿ ನವಿಲು ಮೂಡಿತ್ತು.

ಎಕ್ಸ್‌ಪಿಯನ್ನು ಇನ್ನೂ ಅಳಿಸಿಲ್ಲ. ಅವತ್ತು ಆ ಮೆಷಿನ್ನಿನ ಸೂಜಿಗೆ ನಾನು ದಾರವನ್ನೇ ಪೋಣಿಸಿರಲಿಲ್ಲ.