ಮೆಹಕರದ ವಿಜ್ಞಾನ ಪೆಟ್ಟಿಗೆ

ಮೆಹಕರ ಶಾಲೆಯ ಕೋಣೆಯ ಬೀಗ ತೆಗೆದಾಗ ವಿಜ್ಞಾನದ ಪೆಟ್ಟಿಗೆ ಮಾಯವಾಗಿತ್ತು.

"ಕೀಲಿ ವೀರಭದ್ರನ ಹತ್ರಾನೇ ಇರ್ತದರಿ," ಎಂದರು ಮುಖ್ಯೋಪಾಧ್ಯಾಯಿನಿ ಸುಭದ್ರಾಬಾಯಿ.

ಜವಾನ ವೀರಭದ್ರನ ಮುಖ ಬಿಳಿಚಿತು. "ನಮ್ಮವ್ವನಾಣಿ, ಮುಟ್ಟಿಲ್ರಿ ಮೇಡಮ್!"

ಪೆಟ್ಟಿಗೆಯ ಬಳಕೆ ನೋಡಲು ಬಂದಿದ್ದ ನವೊಮಿ ಖಾಲಿ ಜಾಗದ ಮುಂದೆ ನಿಂತಳು. ಬೀದರಿನ ನೌಬಾದದಲ್ಲಿ ಕುಳಿತು, ಪೆಟ್ಟಿಗೆಯಿಂದ ಮಕ್ಕಳ ಕಲಿಕೆ ಹೆಚ್ಚುತ್ತದೆಯೇ ಎಂಬ ಅಧ್ಯಯನದ ಲೆಕ್ಕಾಚಾರ ಹೆಣೆದವಳು ಅವಳೇ. ಭಾಲ್ಕಿ, ಔರಾದ ತಾಲ್ಲೂಕುಗಳ ಶಾಲೆಗಳಿಗೆ ಚೀಟಿ ಎತ್ತಿದ್ದರು. ಅರ್ಧಕ್ಕೆ ಈ ವರ್ಷ ಪೆಟ್ಟಿಗೆ, ಉಳಿದವಕ್ಕೆ ಮುಂದಿನ ವರ್ಷ. ಎರಡು ಗುಂಪುಗಳ ಕಲಿಕೆಯಲ್ಲಿ ವ್ಯತ್ಯಾಸ ಕಂಡರೆ ಮಾತ್ರ ಇಡೀ ಜಿಲ್ಲೆಗೆ ಪೆಟ್ಟಿಗೆ ಸಿಗುತ್ತಿತ್ತು. ಗುಂಪುಗಳು ಬೆರೆತರೆ ವ್ಯತ್ಯಾಸವೇ ಮಸುಕಾಗುತ್ತಿತ್ತು.

ಅವಳು ಚಿಲಕ ಸವರಿದಳು. ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರು. ಒಳಗೆ ಕಂಪ್ಯೂಟರ್ ಇದ್ದಲ್ಲೇ ಇತ್ತು.

"ವೀರಭದ್ರ ಅಲ್ರಿ. ಕೀಲಿ ಇದ್ದಾವ ಸ್ಕ್ರೂ ಯಾಕ ಬಿಚ್ಚತಾನ?"

* * *

ಮಾರಲು ಕದ್ದವನು ಕಂಪ್ಯೂಟರ್ ಬಿಡುತ್ತಿರಲಿಲ್ಲ. ಕಲಿಸಲು ಕದ್ದಿದ್ದರೆ? ನವೊಮಿ ಪೆಟ್ಟಿಗೆ ಸಿಗದ ಶಾಲೆಗಳತ್ತ ಹೊರಟಳು.

ಔರಾದದ ಮಕ್ಕಳ ಮುಂದೆ ಬಲ್ಬು, ಸೆಲ್ಲು, ತಾಮ್ರದ ತಂತಿ ಇಟ್ಟಳು. "ಜೋಡಿಸಿದ್ರ ಬಲ್ಬು ಹತ್ತತದೇನು?"

"ಹತ್ತತದರಿ!" ಎಂದು ಎಲ್ಲರೂ ಕೂಗಿದರು.

ಖಟಕ ಚಿಂಚೋಳಿಯಲ್ಲಿ ಮಾತ್ರ ಹುಡುಗಿಯೊಬ್ಬಳು ತಂತಿಯನ್ನು ಬೆಳಕಿಗೆ ಹಿಡಿದಳು. "ಹತ್ತಂಗಿಲ್ರಿ. ಮ್ಯಾಲ ಬಣ್ಣದ ಲೇಪ ಅದ. ತುದಿ ಕೆರಿಬೇಕು."

ಹಿಂದೆ ನಿಂತಿದ್ದ, ಆ ಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿವರಾಜಪ್ಪ ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು.

* * *

"ಸರ, ತಂತಿ ಕೆರಿಯೋ ಮಾತು ಪುಸ್ತಕದಾಗ ಇಲ್ರಿ. ಕೈಲೆ ಮಾಡಿದವರಿಗೇ ಗೊತ್ತು," ಎಂದಳು ನವೊಮಿ ಮೆಲ್ಲಗೆ. "ಇಂಥ ತಂತಿ ನಮ್ಮ ಪೆಟ್ಟಿಗ್ಯಾಗ ಅದ. ಬಿಚ್ಚಿದ ಚಿಲಕ ಮತ್ತ ನೆಟ್ಟಗ ಕೂಡಿಸಿ ಹೋಗವರು ಎಂಥ ಕಳ್ಳರ್ರಿ? ಮಾಸ್ತರೇ ಇರಬೇಕು."

ಮಾಸ್ತರರು ಮೂಲೆಯ ಬೀರು ತೆರೆದು ಪೆಟ್ಟಿಗೆ ತೋರಿಸಿದರು. "ಮೆಹಕರದಾಗ ವಿಜ್ಞಾನದ ಮಾಸ್ತರಿಲ್ಲ. ಪೆಟ್ಟಿಗಿ ಸುಮ್ನೆ ಧೂಳ ತಿನ್ನಲತ್ತಿತ್ತು. ಮೀಟಿಂಗಿಗಿ ಹೋದಾಗ ನೋಡಿ ಜೀವ ತಡೀಲಿಲ್ಲವ್ವಾ. ಮುಂದಿನ ವರ್ಷ ನಿಮ್ಮ ಪೆಟ್ಟಿಗಿ ಬರೋದ್ರಾಗ ನಾ ರಿಟೈರ್. ನಿನ್ನ ಲೆಕ್ಕಾ ಕೆಟ್ಟಿತೇನು?"

"ಸ್ವಲ್ಪ ಕೆಟ್ಟದರಿ. ಆದ್ರ ಚೀಟ್ಯಾಗ ನಿಮ್ಮ ಸಾಲಿ ಪೆಟ್ಟಿಗಿ ಇಲ್ಲದ ಗುಂಪಿಗಿ ಬಿತ್ತು, ಏನಾದ್ರೂ ಅದೇ ಗುಂಪಿನಾಗ ಎಣಸ್ತೇನಿ. ಮೊದಲೇ ಹಂಗಂತ ಗೊತ್ತು ಮಾಡೇವಿ. ನಡೆದದ್ದು ವರದಿಯಾಗ ಬರಿತೇನಿ, ಮುಚ್ಚಿಡಂಗಿಲ್ಲ. ಪೆಟ್ಟಿಗಿ ವಾಪಸ ಹೋಗಬೇಕು. ವೀರಭದ್ರನ ಮುಂದ ನೀವೇ ಹೇಳಬೇಕು."

* * *

ಸಂಜೆ ಮಾಸ್ತರರು ಪೆಟ್ಟಿಗೆ ಹೊತ್ತು ಮೆಹಕರಕ್ಕೆ ಬಂದರು. ಎಲ್ಲರೆದುರು ತಪ್ಪೊಪ್ಪಿಕೊಂಡು ವೀರಭದ್ರನ ಕ್ಷಮೆ ಕೇಳಿದರು. ಸುಭದ್ರಾಬಾಯಿ ಸಿಟ್ಟಿನಿಂದ ಬಾಯಿ ತೆರೆದವರು, ಧೂಳೆಲ್ಲ ಒರೆಸಿದ್ದ ಪೆಟ್ಟಿಗೆ ಕಂಡು ಮಾತು ಬದಲಿಸಿದರು.

"ಬೈಯೋದು ಆಮ್ಯಾಲ. ಬಿಇಒ ಸಾಹೇಬರ ಪರವಾನಗಿ ತರ್ತೇನಿ," ಎಂದರು. "ಶನಿವಾರ ಬಂದು ನಮ್ಮ ಮಕ್ಕಳಿಗಿ ಕಲಸ್ರಿ."

ವೀರಭದ್ರ ಪೆಟ್ಟಿಗೆಯನ್ನು ಅವರ ಹೆಗಲಿನಿಂದ ಇಳಿಸಿಕೊಂಡ. "ಕೇಳಿದ್ರ ನಾನೇ ಬಾಗಲಾ ತೆಗೀತಿದ್ದೆ, ಸರ."

"ಅಯ್ಯೋ, ಹಂಗ ಮಾಡಬ್ಯಾಡಪಾ, ನನ್ನ ಗುಂಪು ಮತ್ತ ಬೆರೀತಾವ!" ಎಂದು ನವೊಮಿ ತಲೆ ಹಿಡಿದುಕೊಂಡಳು. ಮಾಸ್ತರರೂ ನಕ್ಕುಬಿಟ್ಟರು.