ಶುಕ್ರವಾರದ ತೂಕ

ಆ ಮಾತು ಆಡಬಾರದಿತ್ತೇ?

ಹಾಡು ಕೆಟ್ಟದಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಕೊನೆಯ ಆ ಒಂದು ಮಾತು... ಅದು ಹಾಡಿನ ಬಗ್ಗೆ ಇತ್ತೇ, ಬರೆದವರ ಬಗ್ಗೆ ಇತ್ತೇ?

ಆಮೇಲೆ ಒಂದು ಗಂಟೆ ಕಾರ್ಯಕ್ರಮ ನಡೆಸಿ, ಡಾರ್ಲಾ ಹೆನ್ಸ್ಲೀ ಮೈಕ್ ಆರಿಸಿ ತಲೆಯೆತ್ತಿದಳು. ಗಾಜಿನಾಚೆ ಒಬ್ಬ ಗಂಡಸು ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ.

ಟೆನೆಸ್ಸಿಯ ಆ ಸಣ್ಣ ಊರಿನ ರೇಡಿಯೋದಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಅವಳು ಒಂದು ಹೊಸ ಕಂಟ್ರಿ ಹಾಡನ್ನು ತೂಗುತ್ತಿದ್ದಳು. ಒಳ್ಳೆಯದಾದರೆ ಎರಡು ಸಲ ಹಾಕುವಳು. ಇಲ್ಲವಾದರೆ ಮತ್ತೆಂದೂ ಇಲ್ಲ. ಆ ದಿನದ ಹಾಡಿನಲ್ಲಿ ಪಿಕಪ್ ಗಾಡಿ, ತಣ್ಣನೆಯ ಬಿಯರ್, ನದಿ ದಂಡೆಯ ಹುಡುಗಿ, ನಡುವೆ ಅಲಂಕಾರಕ್ಕೆಂಬಂತೆ ಅಮ್ಮನ ಪ್ರಾರ್ಥನೆ.

"ಇದನ್ನ ಬರೆಯೋಕೆ ಮೂರು ಜನ ಬೇಕಾಯ್ತಂತೆ!" ಎಂದಿದ್ದಳು ಮೈಕಿನಲ್ಲಿ. "ಮೂವರಲ್ಲಿ ಒಬ್ಬರಿಗೂ ಅಮ್ಮ ಇಲ್ವಾ?"

ಗಾಜಿನಾಚೆಯವನು ಬಾಗಿಲು ತಟ್ಟಿದ.

"ನಾನು ವೆಸ್ ಪ್ರೂಯಿಟ್, ಮೇಡಂ. ಆ ಮೂವರಲ್ಲಿ ಮೂರನೆಯವನು."

ಡಾರ್ಲಾ ಜಗಳಕ್ಕೆ ಸಿದ್ಧಳಾದಳು. "ಹಾಡಿನ ಬಗ್ಗೆ ನನ್ನ ಮಾತು ವಾಪಸ್ ತಗೊಳ್ಳಲ್ಲ!"

"ಬೇಡ. ಹಾಡಿನ ಬಗ್ಗೆ ಹೇಳಿದ್ದು ಸರೀನೇ." ಅವನು ಟೋಪಿಯ ಅಂಚು ತಿರುವಿದ. "ಅಮ್ಮ ಕಳಿಸಿದಳು. ಹಾಸಿಗೆ ಹಿಡಿದಿದಾಳೆ, ನಿಮ್ಮ ಕಾರ್ಯಕ್ರಮ ತಪ್ಪಿಸಲ್ಲ. 'ಆ ಹುಡುಗಿಗೆ ಹೇಳಿ ಬಾ, ನಾನಿನ್ನೂ ಇದೀನಿ' ಅಂದಳು."

ಡಾರ್ಲಾ ಎದ್ದು ಅವನಿಗೊಂದು ಕುರ್ಚಿ ಎಳೆದಳು.

ಅದಾದ ಮೇಲೆ ಅವನು ಆಗಾಗ ಬಂದ. ಚರ್ಚಿನ ಎದುರಿನ ಹೋಟೆಲಿನಲ್ಲಿ ಕಾರ್ನ್‌ಬ್ರೆಡ್ ಮುರಿದು ಬೀನ್ಸ್‌ನಲ್ಲಿ ಅದ್ದುತ್ತಾ ಇಬ್ಬರೂ ಕೂರುತ್ತಿದ್ದರು. ಅವನು ಒಬ್ಬನೇ ಬರೆದ ಹಾಡುಗಳನ್ನು ಮೆಲ್ಲಗೆ ಗುನುಗುತ್ತಿದ್ದ. ಒಂದರಲ್ಲಿ ಗಣಿಯಿಂದ ಬಂದ ಅಪ್ಪ ಮಗನ ತಲೆ ಮುಟ್ಟುವ ಮೊದಲು ಮೂರು ಸಲ ಕೈ ತೊಳೆಯುತ್ತಾನೆ. ಅಷ್ಟೇ ಹಾಡು. ಡಾರ್ಲಾ ಅದನ್ನು ಕೇಳಿ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡಿದ್ದಳು.

ಇಂಥದ್ದು ಬರೆಯುವವನು... ಅಂಥದ್ದನ್ನು ಹೇಗೆ ಬರೆದ?

ಅವನ ಮೇಲೆ ಮನಸ್ಸು ವಾಲಿದಷ್ಟೂ ಆ ಪ್ರಶ್ನೆ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಕೇಳಿಯೇ ಬಿಟ್ಟಳು.

"ವೆಸ್, ಆ ಪ್ರಾರ್ಥನೆಯ ಸಾಲು ಯಾರದು?"

"ಹಾಡಿನ ಮೇಲೆ ನನ್ನ ಹೆಸರಿದೆ."

"ಅದಲ್ಲ ನಾನು ಕೇಳಿದ್ದು. ನಿನ್ನದೋ, ಅಲ್ಲವೋ?"

ಅವನು ಕಾಫಿ ಲೋಟವನ್ನೇ ನೋಡುತ್ತಿದ್ದ. ಅವಳು ಕಾದಳು. ಒಂದೇ ಒಂದು 'ಅಲ್ಲ' ಸಾಕಿತ್ತು...

"ಹಾಸಿಗೆ ಹಿಡಿದ ಅಮ್ಮನ ಪ್ರಾರ್ಥನೇನ ಬಿಯರ್ ಪಕ್ಕ ಇಟ್ಟು ಮಾರಿದೆಯಲ್ಲೋ! ನಾಳೆ ನನ್ನ ಯಾವ ಮಾತನ್ನ ಮಾರ್ತೀಯ?"

ವೆಸ್ ಟೋಪಿ ತೆಗೆದುಕೊಂಡು ಎದ್ದು ಹೋದ. ಅವಳು ಕರೆಯಲಿಲ್ಲ.

ಆರು ವಾರ ಕಳೆಯಿತು. ಹಾಡುಗಳು ಬಂದವು, ಅವಳು ತೂಗಿದಳು. ಯಾವುದೂ ಕಿವಿಯಿಂದ ಒಳಗಿಳಿಯಲಿಲ್ಲ. ಏಳನೆಯ ವಾರ ಅವಳು ಓದಿದ ಊರಿನ ನಿಧನವಾರ್ತೆಗಳಲ್ಲಿ ವೆಸ್‌ನ ಅಮ್ಮನ ಹೆಸರಿತ್ತು. ಇಮೊಜೀನ್ ಪ್ರೂಯಿಟ್, ಎಪ್ಪತ್ತೊಂದು ವರ್ಷ.

ಅಂತ್ಯಕ್ರಿಯೆ ಮುಗಿದು ಜನ ಚರ್ಚಿನ ಊಟದ ಹಾಲ್‌ನಲ್ಲಿ ಸೇರಿದ್ದರು. ಡಾರ್ಲಾ ಗೋಡೆಗೊರಗಿ ನಿಂತಿದ್ದಾಗ ಬಿಳಿ ಮೀಸೆಯ ಮುದುಕರೊಬ್ಬರು ಪಕ್ಕಕ್ಕೆ ಬಂದರು.

"ಬರ್ಲ್ ಕೀಟನ್. ಆ ದರಿದ್ರ ಹಾಡಿನ ಮೊದಲನೇ ಹೆಸರು ನಂದು."

ಅವಳು ಗೋಡೆ ಬಿಟ್ಟು ನೇರವಾಗಿ ನಿಂತಳು.

"ನ್ಯಾಶ್‌ವಿಲ್‌ನಲ್ಲಿ ಹಾಡು ಬರೆಯೋ ನಮ್ಮದೊಂದು ಪದ್ಧತಿ, ಮಗಳೇ. ಬರೆಯೋ ಹೊತ್ತಿಗೆ ಕೋಣೆಯಲ್ಲಿ ಯಾರಿದ್ರೋ ಎಲ್ಲರ ಹೆಸರೂ ಹಾಡಿನ ಮೇಲೆ ಬರುತ್ತೆ. ಬಾಯಿ ಬಿಟ್ಟಿರಲಿ, ಬಿಡದೇ ಇರಲಿ. ಯಾರು ಏನು ಬರೆದರು ಅನ್ನೋದು ಹೊಸಿಲು ದಾಟಬಾರದು. ನಲವತ್ತು ವರ್ಷ ನಾನೂ ದಾಟಿಸಿಲ್ಲ. ನಿಮ್ಮಿಬ್ಬರ ಜಗಳ ಕೇಳಿ ಇವತ್ತು ದಾಟಿಸ್ತಿದೀನಿ."

ಮುದುಕರು ಹಾಲ್‌ನ ಆಚೆ ತುದಿಯತ್ತ ನೋಡಿದರು.

"ಅವತ್ತು ವೆಸ್ ಹತ್ತು ಗಂಟೆಯಿಂದ ಒಂದರವರೆಗೆ ಕಿಟಕಿ ನೋಡ್ತಾ ಕೂತಿದ್ದ. ಬಾಯಿ ತೆರೆದದ್ದು ಒಂದೇ ಸಲ. 'ಆ ಪ್ರಾರ್ಥನೆ ಸಾಲು ಬಿಟ್ಟುಬಿಡೋಣ' ಅಂದ. ನಾವು ಬಿಡಲಿಲ್ಲ. ಆ ಸಾಲು ನಂದು."

ಡಾರ್ಲಾ ಕಣ್ಣು ಮುಚ್ಚಿಕೊಂಡಳು. ಹಾಡು ತೂಗಲು ಕೂತವಳು ಮನುಷ್ಯನನ್ನೇ ತೂಗಿಬಿಟ್ಟೆನಲ್ಲ... ಅದೂ ಯಾರದೋ ಕಲ್ಲು ಇಟ್ಟು!

ವೆಸ್ ಅಡುಗೆಮನೆಯಲ್ಲಿದ್ದ. ನೆರೆಯವರು ಊಟ ತಂದ ಗಾಜಿನ ಪಾತ್ರೆಗಳನ್ನು ಅಂಗಿ ತೋಳು ಮಡಚಿ ತೊಳೆಯುತ್ತಿದ್ದ. ಯಾರದು ಯಾರಿಗೆ ಮರಳಬೇಕೆಂದು ಪ್ರತಿ ತಳದಲ್ಲೂ ಹೆಸರು ಅಂಟಿಸಿತ್ತು.

"ಬರ್ಲ್ ಎಲ್ಲ ಹೇಳಿದ್ರು," ಎಂದಳು.

"ಬರ್ಲ್‌ಗೆ ವಯಸ್ಸಾಯ್ತು. ಏನೇನೋ ಹೇಳ್ತಾರೆ."

"ವೆಸ್... ತಪ್ಪಾಯ್ತು. ಹಾಡಿಗಲ್ಲ. ಹಾಡು ಈಗಲೂ ಕೆಟ್ಟದ್ದೇ."

ಅವನ ತುಟಿಯಂಚಿನಲ್ಲಿ ನಗು ಮಿನುಗಿ ಆರಿತು. "ಅಮ್ಮನಿಗೆ ಅದು ತುಂಬಾ ಇಷ್ಟ ಆಗಿತ್ತು, ಗೊತ್ತಾ? ಕೊನೆ ವಾರ ನನ್ನ ಕೈಲಿ ದಿನಾ ಹಾಕಿಸ್ಕೊಂಡಳು. 'ನನ್ನ ಪ್ರಾರ್ಥನೇನ ರೇಡಿಯೋಗೆ ಹತ್ತಿಸಿಬಿಟ್ಟೆಯಲ್ಲೋ' ಅಂತ ಬಂದವರಿಗೆಲ್ಲ ಹೇಳ್ಕೊಂಡಳು."

ಡಾರ್ಲಾಳ ಬಳಿ ಇದನ್ನು ತೂಗುವ ಕಲ್ಲಿರಲಿಲ್ಲ.

"ನೀನೇನಂದೆ?" ಎಂದಳು.

ವೆಸ್ ತೊಳೆದ ಪಾತ್ರೆಯೊಂದನ್ನು ಅವಳತ್ತ ಚಾಚಿದ. ಅವಳು ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು.

"ಇನ್ನೂ ಹದಿನಾಲ್ಕಿವೆ," ಎಂದ ಅವನು.

"ಇರಲಿ."

"ಆಮೇಲೆ ಮನೆಮನೆಗೆ ಕೊಟ್ಟು ಬರಬೇಕು. ಎರಡು ದಿನ ಹಿಡಿಯುತ್ತೆ."

"ನಾನೇ ಗಾಡಿ ಓಡಿಸ್ತೀನಿ."

ಅವನು ಒದ್ದೆ ಕೈಯಲ್ಲೇ ಅವಳ ಬೆರಳು ಹಿಡಿದ. "ಡಾರ್ಲಾ, ಎರಡು ದಿನ ಆದ್ಮೇಲೂ ಇರ್ತೀಯಾ?"

"ಇರ್ತೀನಿ ಕಣೋ."

ಆ ಹಾಡಿನಲ್ಲಿ ತನ್ನದೊಂದು ಪದವೂ ಇಲ್ಲವೆಂದು ವೆಸ್ ತಾಯಿಗೆ ಹೇಳಿರಲಿಲ್ಲ. ಡಾರ್ಲಾಳಿಗೂ ಎಂದೂ ಹೇಳಲಿಲ್ಲ.